ಹಿನ್ನೆಲೆ ಸದ್ದು

ಟಾಮ್ ಸತ್ತು ವರ್ಷ ತುಂಬುವ ದಿನದ ಊಟಕ್ಕೆ ಬರಬೇಕೆಂದು ಅವನ ಮಗಳು ರೋಸಿ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಮೊಸರವಲಕ್ಕಿ ತಿನ್ನುತ್ತಿದ್ದೆ. ಬರುತ್ತೇನೆ ಎಂದೆ. ನಾನಿರುವ ಎಲಿಕಾಟ್ ಸಿಟಿಯಿಂದ ದಕ್ಷಿಣಕ್ಕೆ, ಅವರಿರುವ ಡುಲುತ್‌ಗೆ ಹನ್ನೊಂದು ಗಂಟೆಯ ಡ್ರೈವ್. ಯಾಕೆ ಒಪ್ಪಿಕೊಂಡೆ ಎಂದರೆ ಕಾರಣವೇನೂ ಇಲ್ಲ. ಬೇಡ ಎನ್ನಬೇಕಾದರೆ ಮನುಷ್ಯನಿಗೆ ಬೇರೆ ಏನಾದರೂ ಬೇಕೆನಿಸಬೇಕು. ನನ್ನ ಹೆಂಡತಿ ಮೈಥಿಲಿ ಹೋದ ಮೇಲೆ, ಎರಡು ವರ್ಷದಿಂದ, ನನಗೆ ಹಾಗೇನೂ ಅನಿಸಿರಲಿಲ್ಲ.

ನಾನು ಅತ್ತಿರಲಿಲ್ಲ. ೨೦೨೧ರ ಜನವರಿಯಲ್ಲಿ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಬಂದವನು ಮತ್ತೆ ಅವಳನ್ನು ನೋಡಿದ್ದು ನರ್ಸ್ ಹಿಡಿದ ಐಪ್ಯಾಡಿನಲ್ಲಿ. ಗಂಟಲಲ್ಲಿ ನಳಿಗೆ, ಮಾತಿಲ್ಲ. ಆಮೇಲೆ ಮಾಡಬೇಕಾದ್ದನ್ನೆಲ್ಲ ನಾನು ಬಹಳ ಚೊಕ್ಕವಾಗಿ ಮಾಡಿದೆ. ಫಾರ್ಮುಗಳನ್ನು ತುಂಬಿದೆ. ಅವಳ ಫೋನಿನ ಲೈನ್ ನಿಲ್ಲಿಸಿದೆ. ಫೋನನ್ನು ಪೂರ್ತಿ ಅಳಿಸಿ, ಹಳೆಯ ಫೋನು ಹಾಕುವ ಡಬ್ಬಿಗೆ ಹಾಕಿ ಬಂದೆ. ಮನೆಯ ವಿಡಿಯೋಗಳೆಲ್ಲ ಅದರಲ್ಲೇ ಇದ್ದವು, ವಾಯ್ಸ್‌ಮೇಲುಗಳೂ. ತಿಂಗಳು ಕಳೆದ ಮೇಲೆ ಮಗಳು ಶ್ರಾವಣಿ ಕೇಳಿದಾಗಲೇ ನನಗೆ ಅದು ಹೊಳೆದದ್ದು. ಅವಳು ಫೋನಿನಲ್ಲಿ ಕಿರುಚಿದಳು. ನಾನು ಕೇಳಿಸಿಕೊಂಡೆ. ಮೈಥಿಲಿಯ ಬಟ್ಟೆಯ ಬೀರುವನ್ನು ಮಾತ್ರ ಮುಟ್ಟಿರಲಿಲ್ಲ, ಮುಚ್ಚಿದ ಬಾಗಿಲು ಮುಚ್ಚಿದ ಹಾಗೇ ಇತ್ತು.

ಟಾಮ್ ಯಾರೆಂದು ಹೇಳಬೇಕು. ನಾನು ಭಾಷಾಶಾಸ್ತ್ರದ ಮೇಷ್ಟ್ರು, ಈಗ ರಿಟೈರ್ ಆಗಿದ್ದೇನೆ. ಮೂವತ್ತು ವರ್ಷ ನಾನು ಕೆದಕಿದ್ದು ಒಂದೇ ಭಾಷೆ, ರೋಮಾ ಜನರದು. ಜಗತ್ತು ಜಿಪ್ಸಿಗಳೆಂದು ಕರೆದು ಊರಾಚೆ ಅಟ್ಟಿದ ಜನ. ಸಾವಿರ ವರ್ಷದ ಹಿಂದೆ ಇಂಡಿಯಾ ಬಿಟ್ಟು, ಪರ್ಷಿಯಾ, ಅರ್ಮೇನಿಯಾ, ಗ್ರೀಕರ ನಾಡು ದಾಟಿ ಯುರೋಪು ಸೇರಿದರು ಎಂಬುದಕ್ಕೆ ಇರುವ ದೊಡ್ಡ ಸಾಕ್ಷಿ ಅವರ ಬಾಯಲ್ಲಿ ಉಳಿದ ಮಾತು. ಒಂದರಿಂದ ಆರರವರೆಗೆ ಅವರು ಎಣಿಸುವುದು ನಮ್ಮ ಉತ್ತರದವರ ಹಾಗೆ. ಏಳು, ಎಂಟು, ಒಂಬತ್ತು ಮಾತ್ರ ಗ್ರೀಕರಿಂದ ಬಂದದ್ದು. ಹತ್ತಕ್ಕೆ ಮತ್ತೆ ಇಂಡಿಯಾ. ಕನ್ನಡ ಸಂಘದ ಯಶವಂತ್ ಇದನ್ನು ಕೇಳಿ, "ಅಂಕಲ್, ಅಂದ್ರೆ ಅವ್ರು ನಮ್ಮವ್ರೇ ಆಯ್ತಲ್ಲ! ರಾಜ್ಯೋತ್ಸವಕ್ಕೆ ಒಂದು ಟಾಕ್ ಕೊಡಿ, ಸ್ವಲ್ಪ ಎಮೋಷನಲ್ ಆಗಿರ್ಲಿ" ಎಂದಿದ್ದ. ಸಾವಿರ ವರ್ಷ ತಿರುಗಿ ನೋಡದವರಿಗೆ ಈಗ ಅವರು ನಮ್ಮವರು! ನಾನು ಹೋಗಲಿಲ್ಲ.

ನಾನು ಪುಸ್ತಕದಲ್ಲಿ ಹುಡುಕುತ್ತಿದ್ದವನು ನಮ್ಮ ಮನೆಯ ಬಾಗಿಲಿಗೆ ಬಂದದ್ದು ೨೦೧೨ರಲ್ಲಿ. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಯಾರೋ ಮೈಥಿಲಿಯ ಕಾರಿಗೆ ಗುದ್ದಿ ಹೋಗಿದ್ದರು. ಮರುದಿನ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಹೋಗುತ್ತಿದ್ದ ದಪ್ಪಗಿನ ಒಬ್ಬ ಮುದುಕ ಅದನ್ನು ನೋಡಿ ಟ್ರಕ್ ನಿಲ್ಲಿಸಿ, ಡೆಂಟ್ ತೆಗೆದುಕೊಡುತ್ತೇನೆ ಎಂದ. ಬೆರಳಲ್ಲಿ ತಗ್ಗುಗಳನ್ನು ಮುಟ್ಟುತ್ತ ತನ್ನಷ್ಟಕ್ಕೆ ತಾನೇ ಎಣಿಸತೊಡಗಿದ. ಮೈಥಿಲಿ ಒಳಗೆ ಓಡಿಬಂದಳು. "ರೀ, ಬೇಗ ಬನ್ನಿ. ಡೆಂಟ್ ತೆಗೆಯೋರು ಬಂದಿದಾರೆ. ಅವ್ರು ಎಣಿಸೋದು ಕೇಳಿ, ನಿಮ್ಮ ಪುಸ್ತಕದ್ದೇ!"

ಹೊರಗೆ ಹೋದರೆ, ದುಯ್, ಟ್ರಿನ್, ಷ್ಟಾರ್, ಪಾಂಜ್. ನನಗೆ ಮೈ ಜುಮ್ಮೆಂದಿತು. ಅಂಥದೆಲ್ಲ ಆಗ ಆಗುತ್ತಿತ್ತು.

ಟಾಮ್‌ನ ಮನೆಯವರು ಕಾಲ್ದೆರಾಶ್ ಪಂಗಡದವರು, ತಲೆಮಾರಿನಿಂದ ತಾಮ್ರದ ಹಂಡೆ ಮಾಡುತ್ತ, ರಿಪೇರಿ ಮಾಡುತ್ತ ಬಂದವರು. ಟಾಮ್‌ನ ಅಪ್ಪ ಚಳಿಗಾಲಕ್ಕೆ ಒಂದೂರಲ್ಲಿ ನಿಂತು, ಬೇಸಿಗೆಯೆಲ್ಲ ಎರಡು ಕ್ಯಾರೊಲೈನಾಗಳನ್ನೂ ಸುತ್ತಿ ಬೇಕರಿಗಳ ಹಿಟ್ಟು ಕಲಸುವ ಪಾತ್ರೆಗೆ ಕಲಾಯಿ ಹಾಕುತ್ತಿದ್ದನಂತೆ. ಮಗ ಅದೇ ಸುತ್ತಿಗೆ ಹಿಡಿದು ಕಾರಿನ ತಗಡಿಗೆ ಬಂದ. ನಾನು ಇಂಡಿಯಾದ ಕಥೆ ಹೇಳಿದರೆ ಟಾಮ್ ನಗುತ್ತಿದ್ದ. "ನೀವು ಎಲ್ಲಿಯವರು ಅಂದರೆ ನಮ್ಮಪ್ಪ ಸೌತ್ ಕ್ಯಾರೊಲೈನಾ ಅನ್ನುತ್ತಿದ್ದ. ಅದಕ್ಕೆ ಮುಂಚಿನದು ನಿನಗೆ ಬೇಕು, ನೀನು ಬರೆದುಕೋ" ಎನ್ನುತ್ತಿದ್ದ.

ಆದರೂ ಪದಗಳನ್ನು ಕೊಡಲು ಅವನಿಗೆ ಮನಸ್ಸಿರಲಿಲ್ಲ. ಹೊರಗಿನವರು ತಮ್ಮ ಭಾಷೆ ಕಲಿತು ಬಂದಾಗಲೆಲ್ಲ ತಮಗೆ ಕೇಡಾಗಿದೆ ಎಂಬುದು ಅವರ ಅನುಭವ. ಅವನನ್ನು ಒಪ್ಪಿಸಿದ್ದು ಮೈಥಿಲಿ, ಅದೂ ಕಾಫಿಯಿಂದ. ಮೊದಲ ದಿನ ನಾನು ಸ್ಟೀಲ್ ಲೋಟದಲ್ಲಿ ಕೊಟ್ಟ ಕಾಫಿಯನ್ನು ಅವನು ಮುಟ್ಟಲೇ ಇಲ್ಲ. ಮೈಥಿಲಿ ಒಂದು ಕ್ಷಣ ಅವನನ್ನು ನೋಡಿದವಳು, ಹೊಸ ಪೇಪರ್ ಕಪ್ಪುಗಳ ಕಟ್ಟನ್ನು ಅವನ ಎದುರಿಗೇ ಒಡೆದು, ಅದರಲ್ಲಿ ಬೇರೆ ಕಾಫಿ ತಂದಿಟ್ಟಳು. ಅವನು ಗಟಗಟ ಕುಡಿದ. ಆಮೇಲೆ ನನಗೆ ಹೇಳಿದಳು: "ಮೈಸೂರಲ್ಲಿ ನಮ್ಮಜ್ಜಿ ಹೊರಗಿನವ್ರ ಲೋಟ ಮುಟ್ತಿದ್ರಾ? ಅದೇ ಮಡಿ, ಇನ್ನೇನು. ನಿಮ್ಗೆ ಇದೆಲ್ಲ ಕಣ್ಣಿಗೇ ಕಾಣ್ಸಲ್ಲ." ಅಲ್ಲಿಂದ ಏಳು ವರ್ಷ ಟಾಮ್ ಶನಿವಾರ ಬೆಳಿಗ್ಗೆ ನಮ್ಮ ಅಡುಗೆಮನೆಯ ಮೇಜಿಗೆ ಬಂದು ಕೂತ. ನಲವತ್ತಾರು ಗಂಟೆ ರೆಕಾರ್ಡ್ ಆಯಿತು. ೨೦೧೯ರಲ್ಲಿ ಅವನು ಮಗಳ ಹತ್ತಿರ ಡುಲುತ್‌ಗೆ ಹೋದ. ೨೦೨೨ರ ಮಾರ್ಚಿನಲ್ಲಿ ಅಲ್ಲೇ ತೀರಿಕೊಂಡ.

ಊಟಕ್ಕೆ ಹೋಗುವ ದಾರಿಯಲ್ಲಿ ಶಾರ್ಲೆಟ್‌ನ ಬ್ಯಾಲಂಟೈನ್‌ನಲ್ಲಿ ಮಗಳ ಮನೆಯಲ್ಲಿ ಇಳಿದೆ. ಶ್ರಾವಣಿ ಅಲ್ಲೇ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ಹುಟ್ಟಿದ್ದು ಇಲ್ಲೇ, ಕನ್ನಡ ಅರ್ಥವಾಗುತ್ತದೆ, ಮಾತಿಗೆ ಇಂಗ್ಲಿಷೇ ಮೊದಲು ಬರುತ್ತದೆ. ಟಾಮ್‌ನ ವಿಷಯ ಹೇಳುತ್ತಿದ್ದಂತೆ ಅವಳು ತಟ್ಟನೆ ಕೇಳಿದಳು.

"ಅಪ್ಪಾ, ವೇಟ್. ಟಾಮ್ ಅಂಕಲ್ ಬರ್ತಿದ್ದಾಗ ಅಮ್ಮ ಅಲ್ಲೇ ಇರ್ತಿದ್ಳು, ರೈಟ್? ಸೋ ಅಮ್ಮನ ವಾಯ್ಸ್ ಅದ್ರಲ್ಲಿ ಇದ್ಯಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಇರ್ಬೇಕು" ಎಂದೆ.

ಅವಳು ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಕಣ್ಣು ತುಂಬಿತ್ತು. "ನಂಗೆ ಬೇಕು. ಎಲ್ಲಾ ಬೇಕು. ಅಮ್ಮ ಹೇಗೆ ಮಾತಾಡ್ತಿದ್ಳು ಅಂತ ನಂಗೆ ಮರ್ತೇಹೋಗ್ತಿದೆ ಅಪ್ಪಾ. ಪ್ರಾಮಿಸ್ ಮಾಡು."

ಮಾಡಿದೆ. ಲ್ಯಾಪ್‌ಟಾಪಿನಲ್ಲೇ ಎಲ್ಲ ಇತ್ತು. ಆಗಲೇ ತೆರೆಯಬಹುದಿತ್ತು, ತೆರೆಯಲಿಲ್ಲ. ವಾಪಸು ಬಂದಾಗ ಕೊಡುತ್ತೇನೆಂದು ಹೇಳಿ ಬೆಳಿಗ್ಗೆ ಹೊರಟೆ.

ಡುಲುತ್‌ನ ಹಾಲ್‌ನಲ್ಲಿ ನೂರಕ್ಕೂ ಹೆಚ್ಚು ಜನ ಇದ್ದರು. ಉದ್ದಕ್ಕೂ ಒಂದೇ ಮೇಜು, ಅದರ ತುಂಬ ಹುರಿದ ಮಾಂಸ, ಎಲೆಕೋಸಿನ ಸುರುಳಿ, ರಾಶಿ ಹಣ್ಣು. ಮೇಜಿನ ತುದಿಗೆ ದಪ್ಪಗಿನ ಒಬ್ಬ ಮುದುಕ ಕೂತಿದ್ದ. ತಲೆಯಿಂದ ಕಾಲಿನವರೆಗೆ ಹೊಚ್ಚ ಹೊಸ ಬಟ್ಟೆ. ಹೊಸ ಹ್ಯಾಟು, ಹೊಸ ಸೂಟು, ಹೊಸ ಶೂ. ಸಾಕ್ಸಿನ ಲೇಬಲ್ಲು ಕೂಡ ಕಿತ್ತಿರಲಿಲ್ಲ. ಬಂದವರೆಲ್ಲ ಅವನ ಹತ್ತಿರ ಹೋಗಿ, ಈ ಊಟ ಟಾಮ್‌ನ ಮುಂದೆ ಇರಲಿ ಎಂಬ ಅರ್ಥದ ಮಾತು ಹೇಳಿ ಕೂರುತ್ತಿದ್ದರು.

"ಅಪ್ಪನದೇ ಅಳತೆ, ಅಪ್ಪನದೇ ವಯಸ್ಸು" ಎಂದಳು ರೋಸಿ. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. "ಇವತ್ತಿನ ಮಟ್ಟಿಗೆ ಅವನೇ ಅಪ್ಪ. ಉಂಡು, ಉಟ್ಟು, ಎದ್ದು ಹೋಗುತ್ತಾನೆ. ಆಮೇಲೆ ನಾವು ಕಪ್ಪು ಬಟ್ಟೆ ತೆಗೆಯುತ್ತೇವೆ."

ತಿಥಿಯ ದಿನ ಪಿತೃಸ್ಥಾನದಲ್ಲಿ ಬ್ರಾಹ್ಮಣರನ್ನು ಕೂರಿಸಿ, ಪಂಚೆ ಕೊಟ್ಟು, ಬಡಿಸಿ ಕಳಿಸುವುದು ನೆನಪಾಯಿತು. ಇದು ಇಂಡಿಯಾದಿಂದ ಹೊತ್ತುಕೊಂಡು ಹೋದದ್ದೋ, ದಾರಿಯಲ್ಲಿ ಯಾರಿಂದಲೋ ಕಲಿತದ್ದೋ, ಹೇಳಲಾಗದು. ಬೇರೆ ಕಾಲವಾಗಿದ್ದರೆ ಅಲ್ಲೇ ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಟಿಪ್ಪಣಿ ಬರೆಯುತ್ತಿದ್ದೆ. ಈಗ ಎಲೆಕೋಸು ತಿಂದೆ. ಮೈಥಿಲಿಗೆ ನಾನು ಒಂದು ತಿಥಿಯನ್ನೂ ಮಾಡಿರಲಿಲ್ಲ. ಪುರೋಹಿತರು ಎರಡು ಸಲ ಫೋನ್ ಮಾಡಿ ಸುಮ್ಮನಾಗಿದ್ದರು.

ಊಟವಾದ ಮೇಲೆ ನಾನು ಎಡವಟ್ಟು ಮಾಡಿದೆ. ನಮ್ಮ ಸಂಘದಲ್ಲಿ ಯಾರಾದರೂ ಹಿರಿಯರು ಹೋದರೆ ಶ್ರದ್ಧಾಂಜಲಿ ಎಂದು ಜೂಮ್‌ನಲ್ಲಿ ಸೇರುತ್ತೇವೆ, ಫೋಟೋಗಳನ್ನು ಓಡಿಸುತ್ತೇವೆ. ಹಿಂದಿನ ವರ್ಷ ಡಾಕ್ಟರ್ ಕೃಷ್ಣಸ್ವಾಮಿಯವರು ಹಾಡಿದ ಹಳೆಯ ದೇವರನಾಮವೊಂದನ್ನು ಹಾಕಿದಾಗ ಅತ್ತವರೆಲ್ಲ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ ಎಂದಿದ್ದರು. ಅದೇ ಲೆಕ್ಕದಲ್ಲಿ ನಾನು ಕುಂಕುಮದ ಬೆಳ್ಳಿ ಡಬ್ಬಿಯೊಂದರಲ್ಲಿ ಪೆನ್‌ಡ್ರೈವ್ ಇಟ್ಟು ತಂದಿದ್ದೆ. ರೋಸಿಯ ಮುಂದೆ ಚಾಚಿ, "ನಿಮ್ಮಪ್ಪನ ದನಿ. ನಲವತ್ತಾರು ಗಂಟೆ" ಎಂದೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

"ಅದನ್ನು ಇಲ್ಲಿ ಯಾಕೆ ತಂದಿರಿ?" ಎಂದಳು. ದನಿ ಏರಿಸಲಿಲ್ಲ. ನನ್ನನ್ನು ಬಾಗಿಲಾಚೆ ಕರೆದುಕೊಂಡು ಹೋದಳು. "ಅಪ್ಪನ ಬಟ್ಟೆ, ಹಾಸಿಗೆ ಎಲ್ಲ ಸುಟ್ಟೆವು. ಅವನು ಉಣ್ಣುತ್ತಿದ್ದ ತಟ್ಟೆ ಒಡೆದೆವು. ಟ್ರಕ್ಕು, ಸುತ್ತಿಗೆ ಹೊರಗಿನವರಿಗೆ ಮಾರಿದೆವು. ಒಂದು ವರ್ಷ ಹಾಡು ಕೇಳಿಲ್ಲ, ಕುಣಿದಿಲ್ಲ. ಎಲ್ಲ ಯಾಕೆ? ಅವನು ಹಿಂದೆ ತಿರುಗಿ ನೋಡದೆ ಹೋಗಲಿ ಅಂತ. ಇವತ್ತು ಕಡೆಯ ದಿನ. ನೀವು ನೋಡಿದರೆ ಅವನನ್ನು ನಿಮ್ಮ ಮನೆಯಲ್ಲಿ ಮಾತಾಡಿಸುತ್ತ ಇಟ್ಟುಕೊಂಡಿದ್ದೀರಿ."

ಸತ್ತವನು ಎಂಬ ಅವರ ಪದದ ಮೂಲವನ್ನು ನಾನು ಸಂಸ್ಕೃತದವರೆಗೂ ಎಳೆದು ತೋರಿಸಬಲ್ಲೆ. ಸತ್ತವರಿಗೆ ಅವರು ಏನು ಮಾಡುತ್ತಾರೆಂದು ಏಳು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ಅಳಿಸಿಬಿಡಿ. ಎಲ್ಲ ಕಡೆಯಿಂದಲೂ" ಎಂದಳು ರೋಸಿ.

"ಬರೆದುಕೊಂಡದ್ದು?"

"ಪದಗಳು ಅವನೊಬ್ಬನವಲ್ಲ, ಕಾಗದ ಇರಲಿ. ದನಿ ಅವನದು."

ಆಗ ನಾನು ಹೇಳಬಾರದೆಂದುಕೊಂಡದ್ದನ್ನು ಹೇಳಿದೆ. "ಅದರಲ್ಲಿ ನನ್ನ ಹೆಂಡತಿಯೂ ಇದ್ದಾಳೆ. ಅವಳ ದನಿ ಬೇರೆಲ್ಲೂ ಇಲ್ಲ. ಮಗಳಿಗೆ ಮಾತು ಕೊಟ್ಟಿದ್ದೇನೆ."

"ಪೇಪರ್ ಕಪ್ಪಿನವರು" ಎಂದಳು ರೋಸಿ. "ಅಪ್ಪ ಹೇಳುತ್ತಿದ್ದ, ಆ ಮನೆಯಲ್ಲಿ ಒಬ್ಬರಿಗೇ ಬುದ್ಧಿ ಇರುವುದು ಅಂತ. ಅವರು ನಿಮ್ಮವರು, ನಿಮ್ಮ ಪದ್ಧತಿ ನಿಮಗೆ. ಅವರನ್ನು ತೆಗೆದುಕೊಳ್ಳಿ. ನಮ್ಮಪ್ಪನನ್ನು ಬಿಡಿ."

ಅಷ್ಟರಲ್ಲಿ ಹೊಸ ಬಟ್ಟೆಯ ಮುದುಕ ಹೊರಗೆ ಬಂದ. ಯಾರೂ ಹೋಗಿ ಬಾ ಎನ್ನಲಿಲ್ಲ. ಅವನೂ ತಿರುಗಿ ನೋಡಲಿಲ್ಲ. ಹೊಸ ಶೂ ಕಚ್ಚುತ್ತಿತ್ತೇನೋ, ಸ್ವಲ್ಪ ಕುಂಟುತ್ತ ಪಾರ್ಕಿಂಗ್ ಲಾಟ್ ದಾಟಿ ಕಾರು ಹತ್ತಿದ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ರೋಸಿ ಉಸಿರು ಹಿಡಿದಿದ್ದಳು. ಆಮೇಲೆ ಕಣ್ಣೊರೆಸಿಕೊಂಡು, ಕೂದಲಿಗೆ ಕಟ್ಟಿದ ಕಪ್ಪು ಬಟ್ಟೆ ಬಿಚ್ಚಿ ಒಳಗೆ ಹೋದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಮೋಸ ಮಾಡಬಹುದಿತ್ತು. ನನ್ನ ಹಾರ್ಡ್ ಡಿಸ್ಕಿನಲ್ಲಿ ಏನಿದೆ ಎಂದು ಡುಲುತ್‌ನವರು ಬಂದು ನೋಡುತ್ತಾರೆಯೇ? ಬ್ಯಾಲಂಟೈನ್‌ವರೆಗೆ ನಾಲ್ಕು ಗಂಟೆ ಇದನ್ನೇ ಯೋಚಿಸಿದೆ. ಜೀವನದಲ್ಲಿ ನಾನು ನಿಯತ್ತಾಗಿ ಇದ್ದದ್ದು ರೆಕಾರ್ಡುಗಳಿಗೆ ಮಾತ್ರ. ಆದರೆ ನನ್ನ ಮನೆಯಲ್ಲಿ ಟಾಮ್ ಎಣಿಸುತ್ತ ಕೂತಿರುತ್ತಾನೆ ಎಂದುಕೊಂಡರೆ ರೋಸಿ ಉಸಿರು ಹಿಡಿದು ನಿಂತದ್ದೇ ಕಣ್ಣಿಗೆ ಬರುತ್ತಿತ್ತು. ಅವನ ಹೆಸರಿನ ಊಟ ಮಾಡಿ ಎದ್ದು ಬಂದವನು ನಾನು, ಮೋಸ ಮಾಡಲಾರೆ.

ಮಗಳ ಮನೆಯಲ್ಲೇ ಉಳಿದೆ. ಅವಳು ಆಫೀಸಿಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಒಂಬತ್ತು ದಿನ ಹಿಡಿಯಿತು. ಮೈಥಿಲಿ ಎಲ್ಲೆಲ್ಲಿ ಮಾತಾಡಿದ್ದಾಳೆ ಎಂದು ಹುಡುಕುವುದು ಕಷ್ಟವಾಗಲಿಲ್ಲ, ಬರೆದುಕೊಂಡ ಪ್ರತಿಯಲ್ಲಿ ನಾನೇ ಗುರುತು ಹಾಕಿದ್ದೆ. ಟಾಮ್ ಮಾತಾಡಿದರೆ "ಟಾ". ನಾನು ಮಾತಾಡಿದರೆ "ರ". ಅವಳು ಮಾತಾಡಿದ ಕಡೆ "ಹಿನ್ನೆಲೆ ಸದ್ದು". ಫ್ರಿಡ್ಜ್ ಗುಂಯ್‌ಗುಟ್ಟಿದರೂ ಅದೇ, ನಾಯಿ ಬೊಗಳಿದರೂ ಅದೇ, ಹೆಂಡತಿ ಮಾತಾಡಿದರೂ ಅದೇ. ಇನ್ನೂರ ಹದಿನಾಲ್ಕು ಕಡೆ ಅವಳು.

ಮೊದಲ ದಿನ ಅವಳ ದನಿ ಕಿವಿಗೆ ಬಿದ್ದಾಗ ಏನಾದರೂ ಆಗುತ್ತದೆಂದು ಕಾದೆ. ಆಗಲಿಲ್ಲ. ಕೈ ಕೆಲಸ ಮಾಡುತ್ತಿತ್ತು. ಟಾಮ್ ಬಂದಲ್ಲಿ ಕತ್ತರಿ, ಅವಳು ಬಂದಲ್ಲಿ ಉಳಿಕೆ. ಇಬ್ಬರೂ ಒಟ್ಟಿಗೆ ನಕ್ಕಿದ್ದಲ್ಲಿ ಒಬ್ಬರಿಂದ ಇನ್ನೊಬ್ಬರನ್ನು ಬಿಡಿಸಲಾಗಲಿಲ್ಲ. ಅದನ್ನೆಲ್ಲ ಅಳಿಸಿದೆ. ಅವರು ಬಹಳ ನಗುತ್ತಿದ್ದರು ಎಂಬುದೇ ನನಗೆ ಗೊತ್ತಿರಲಿಲ್ಲ. ಕೊನೆಗೆ ಉಳಿದದ್ದು ಹತ್ತೊಂಬತ್ತು ನಿಮಿಷ. ಹೆಚ್ಚಿನವು ಪ್ರಶ್ನೆಗಳು. ಉತ್ತರ ಟಾಮ್‌ನದು, ಹಾಗಾಗಿ ಉತ್ತರಗಳಿಲ್ಲ.

ಆರನೆಯ ದಿನ ಮೂವತ್ತೊಂದನೇ ರೆಕಾರ್ಡು ಬಂತು. ೨೦೧೬ರದು. ಟಾಮ್ ಹಣ್ಣುಗಳ ಹೆಸರು ಹೇಳುತ್ತಿದ್ದ. ನಡುವೆ ಮೈಥಿಲಿ ಅವನನ್ನು ಕೇಳುತ್ತಾಳೆ, "ಟಾಮ್, ನಿಮ್ಮಲ್ಲಿ ಯಾರಾದರೂ ಹೋದರೆ ಅವರ ಸಾಮಾನನ್ನೆಲ್ಲ ಏನು ಮಾಡುತ್ತೀರಿ?"

ಟಾಮ್ ಗಂಟಲು ಸರಿಮಾಡಿಕೊಳ್ಳುತ್ತಾನೆ. ಕೂಡಲೇ ನನ್ನ ದನಿ, ಕನ್ನಡದಲ್ಲಿ: "ಮೈಥಿಲಿ, ಸ್ವಲ್ಪ ಸುಮ್ನಿರ್ತೀಯಾ? ರೆಕಾರ್ಡ್ ಆಗ್ತಿದೆ." ಅವಳು ನಕ್ಕು, "ಸರಿ ಸರಿ, ನಿಮ್ಮ ಟೇಪ್ ನಿಮ್ಗೇ ಇರ್ಲಿ" ಎನ್ನುತ್ತಾಳೆ. ಟಾಮ್ ಹಣ್ಣುಗಳಿಗೆ ಮರಳುತ್ತಾನೆ.

ನಾನು ಹೆಡ್‌ಫೋನ್ ತೆಗೆದಿಟ್ಟೆ. ನನಗೆ ನಾಚಿಕೆಯಾಯಿತು. ಮುಖ, ಕಿವಿ ಎಲ್ಲ ಬಿಸಿಯಾಗಿ, ಕೂತಲ್ಲಿ ಕೂರಲಾಗದಷ್ಟು ನಾಚಿಕೆ. ಎರಡು ವರ್ಷದಲ್ಲಿ ನನಗೆ ಏನಾದರೂ ಆದದ್ದು ಅದೇ ಮೊದಲು. ಎದ್ದು ನೀರು ಕುಡಿದು ಬಂದು ಮತ್ತೆ ಕೂತೆ. ಟಾಮ್ ಗಂಟಲು ಸರಿಮಾಡಿಕೊಂಡದ್ದನ್ನು ಅಳಿಸಿದೆ. ನನ್ನ ಮಾತನ್ನೂ ಅಳಿಸಬಹುದಿತ್ತು. ಅಳಿಸಲಿಲ್ಲ, ಒಂದು ಕಡೆಯೂ ಅಳಿಸಲಿಲ್ಲ.

ಆಮೇಲೆ ಬರಹದ ಪ್ರತಿ ತೆರೆದು "ಹಿನ್ನೆಲೆ ಸದ್ದು" ಎಂದಿದ್ದಲ್ಲಿ "ಮೈಥಿಲಿ" ಎಂದು ತಿದ್ದಿ, ಅವಳು ಆಡಿದ್ದನ್ನು ಪಕ್ಕದಲ್ಲಿ ಟೈಪ್ ಮಾಡತೊಡಗಿದೆ. ಇನ್ನೂರ ಹದಿನಾಲ್ಕು ಕಡೆ. "ಮೈ" ಎಂದಷ್ಟೇ ಹಾಕಿದ್ದರೆ ಬೇಗ ಮುಗಿಯುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಪೆನ್‌ಡ್ರೈವ್, ಲ್ಯಾಪ್‌ಟಾಪ್, ಕ್ಲೌಡ್, ಎಲ್ಲ ಕಡೆಯಿಂದ ಟಾಮ್‌ನನ್ನು ತೆಗೆದೆ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಮೂರು ಸಲ ಕೇಳಿತು. ಹೌದು ಎಂದೆ. ಉಳಿದದ್ದು ಎಲಿಕಾಟ್ ಸಿಟಿಯ ಮನೆಯ ಹಾರ್ಡ್ ಡಿಸ್ಕ್ ಒಂದೇ. ಮನೆಗೆ ಹೋದ ದಿನವೇ ಅದನ್ನೂ ಅಳಿಸುತ್ತೇನೆಂದು ರೋಸಿಗೆ ಮೆಸೇಜ್ ಮಾಡಿದೆ. ಅವಳಿಂದ ಒಂದು ಹೃದಯದ ಚಿತ್ರ ಬಂತು.

ಸಂಜೆ ಶ್ರಾವಣಿ ಬೇಗ ಬಂದಳು. ಬ್ಯಾಗೂ ಇಳಿಸದೆ ಮೇಜಿನ ಮುಂದೆ ಕೂತಳು. ಹತ್ತೊಂಬತ್ತು ನಿಮಿಷವೂ ನಾನು ಅವಳ ಮುಖ ನೋಡದೆ ಕಿಟಕಿಯಾಚೆ ಪಕ್ಕದ ಮನೆಯವರ ಹುಲ್ಲು ನೋಡುತ್ತ ನಿಂತಿದ್ದೆ. ಮೊದಲು ಅತ್ತಳು, ಆಮೇಲೆ ನಕ್ಕಳು.

"ಅಪ್ಪಾ" ಎಂದಳು. "ಅಮ್ಮ ಎವ್ರಿ ಟೈಮ್ ಏನೋ ಕೇಳ್ತಾಳೆ. ಎವ್ರಿ ಟೈಮ್ ನೀನು ಸುಮ್ನಿರು ಅಂತೀಯ."

"ಹೂಂ."

"ಅದನ್ನ ಕಟ್ ಮಾಡ್ಬಹುದಿತ್ತಲ್ವಾ?"

"ಮಾಡ್ಬಹುದಿತ್ತು."

ಅವಳು ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳಿದಳು. ಯಾವುದೆಂದು ನನಗೆ ಗೊತ್ತಿತ್ತು. "ಯಾರಾದ್ರೂ ಹೋದ್ರೆ ಅವ್ರ ಸ್ಟಫ್ ಏನ್ ಮಾಡ್ತೀರ ಅಂತ ಕೇಳ್ತಾಳಲ್ಲ... ಟಾಮ್ ಅಂಕಲ್ ಏನ್ ಹೇಳಿದ್ರು? ಅದನ್ನೂ ಡಿಲೀಟ್ ಮಾಡ್ಬಿಟ್ಯಾ?"

"ಇಲ್ಲಮ್ಮ. ಅವ್ರು ಹೇಳ್ಲೇ ಇಲ್ಲ. ನಾನು ಬಿಡ್ಲಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಅವಳು ಎದ್ದು ಬಂದು ನನ್ನ ತೋಳು ಹಿಡಿದುಕೊಂಡಳು. ಅಳುವಾಗ ನಾನು ಇಷ್ಟು ಸದ್ದು ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಶ್ರಾವಣಿ, "ಸೋ, ಏನ್ ಮಾಡ್ತಾರೆ ಅವ್ರು?" ಎಂದಳು, ಅವರಮ್ಮನದೇ ಧಾಟಿಯಲ್ಲಿ.

ಕೂರಿಸಿ ಹೇಳಿದೆ. ಹೊಸ ಬಟ್ಟೆಯ ಮುದುಕ, ಕಿತ್ತಿರದ ಲೇಬಲ್ಲು, ಒಡೆದ ತಟ್ಟೆ, ರೋಸಿ ಬಿಚ್ಚಿದ ಕಪ್ಪು ಬಟ್ಟೆ. ಶ್ರಾವಣಿ ಒಂದೊಂದು ಮಾತಿಗೂ ನಡುವೆ ಬಾಯಿ ಹಾಕಿದಳು, ಯಾಕೆ, ಯಾರು, ಆಮೇಲೆ ಎಂದಳು. ಎಲ್ಲಕ್ಕೂ ಉತ್ತರ ಕೊಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಕೊನೆಯಲ್ಲಿ ಅವಳು, "ಅಮ್ಮನ ಬಟ್ಟೆ ಕ್ಲಾಸೆಟ್?" ಎಂದಳು.

"ಶನಿವಾರ ಮನೆಗೆ ಬಾ" ಎಂದೆ. "ನಾನೊಬ್ನೇ ತೆಗೆಯಕ್ಕಾಗಲ್ಲ."